ಚುಕ್ಕಿಗೆ ಮಾತ್ರೆ ಬೇಡವಂತೆ

ಬೆಕ್ಕಿಗೆ ಔಷಧಿ ಕೊಡುವ ಮನೆಗಳಲ್ಲಿ ಸೋಫಾ ಸರಿಸಿ ಗುಡಿಸಿದರೆ ಮಾತ್ರೆ ಸಿಗುತ್ತವೆ. ಅರ್ಧ ಕರಗಿ, ಮೇಲಿನ ಬಣ್ಣ ಹೋಗಿ, ಒಂದೆರಡು ಕೂದಲು ಅಂಟಿಕೊಂಡು ಗಟ್ಟಿಯಾಗಿರುತ್ತವೆ. ನುಂಗಿತು ಅಂದುಕೊಂಡು ನೀವು ಬೆನ್ನು ಸವರಿ, ಶಹಬ್ಬಾಸ್ ಹೇಳಿ, ಕೈ ತೊಳೆಯಲು ಹೋಗಿರುತ್ತೀರಿ. ಬೆಕ್ಕು ಅದನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು, ಯಾವ ಅವಸರವೂ ಇಲ್ಲದೆ ನಡೆದುಹೋಗಿ, ನಿಮಗೆ ಕಾಣದ ಜಾಗದಲ್ಲಿ ಉಗಿದು ಬಂದಿರುತ್ತದೆ. ಮುಂದಿನ ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು "ಡೋಸ್ ಸಾಲುತ್ತಿಲ್ಲ ಅನ್ಸುತ್ತೆ, ಜಾಸ್ತಿ ಮಾಡೋಣ" ಅಂದರೆ, ಹೂಂ ಅನ್ನುವ ಮುಂಚೆ ಒಮ್ಮೆ ಸೋಫಾದ ಹಿಂದೆ ನೋಡುವುದು ಒಳ್ಳೆಯದು.

ನಮ್ಮ ಚುಕ್ಕಿಗೆ 13 ವರ್ಷ. ಬಿಳಿ ಮೈ, ಮೂಗಿನ ಪಕ್ಕ ಒಂದು ಕಪ್ಪು ಮಚ್ಚೆ. ಇದ್ದಕ್ಕಿದ್ದ ಹಾಗೆ ಅವಳ ಹಸಿವು ಜಾಸ್ತಿಯಾಯಿತು. ಬಟ್ಟಲು ಖಾಲಿ ಮಾಡಿ ಮತ್ತೆ ಕೇಳುತ್ತಿದ್ದಳು. ಆದರೂ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಒಂದೊಂದೂ ಬೆರಳಿಗೆ ಸಿಗುತ್ತಿತ್ತು. ರಾತ್ರಿ ಎದ್ದು ಖಾಲಿ ಕೋಣೆಯಲ್ಲಿ ನಿಂತು ಜೋರಾಗಿ ಕೂಗುವುದು ಬೇರೆ. ವಯಸ್ಸಾದ ಬೆಕ್ಕಿನಲ್ಲಿ ಇಷ್ಟೂ ಒಟ್ಟಿಗೆ ಕಂಡರೆ ಡಾಕ್ಟರಿಗೆ ಮೊದಲು ಅನುಮಾನ ಬರುವುದು ಥೈರಾಯ್ಡ್ ಮೇಲೆ. ಕುತ್ತಿಗೆಯ ಗ್ರಂಥಿಯಲ್ಲಿ ಸಣ್ಣ ಗಂಟು ಬೆಳೆದು, ಹಾರ್ಮೋನ್ ಮಿತಿ ಮೀರಿ ಸುರಿಯುತ್ತಿರುತ್ತದೆ. ಆ ಗಂಟು ಹೆಚ್ಚಿನ ಸಲ ಕ್ಯಾನ್ಸರ್ ಅಲ್ಲ. ಆದರೆ ಹೃದಯ ಓಡುತ್ತಲೇ ಇರುತ್ತದೆ, ಮೈ ಕರಗುತ್ತಲೇ ಇರುತ್ತದೆ. ಬೆಕ್ಕುಗಳಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ಬರೆದದ್ದು 1979ರಲ್ಲಿ. ಈಗ ವಯಸ್ಸಾದ ಬೆಕ್ಕುಗಳಲ್ಲಿ ಇದು ತೀರಾ ಸಾಮಾನ್ಯ.

ಚಿಕಿತ್ಸೆಗೆ ದಾರಿಗಳಿವೆ. ಆಪರೇಷನ್ ಮಾಡಬಹುದು. ವಿಕಿರಣವಿರುವ ಅಯೋಡಿನ್ ಚುಚ್ಚಬಹುದು. ಅದು ಒಂದೇ ಸಲಕ್ಕೆ ಬಹುತೇಕ ಬೆಕ್ಕುಗಳನ್ನು ಗುಣ ಮಾಡುತ್ತದೆ. ಆದರೆ ಅದಕ್ಕೆ ವಿಶೇಷ ವ್ಯವಸ್ಥೆಯಿರುವ ಆಸ್ಪತ್ರೆ ಬೇಕು, ಬೆಕ್ಕನ್ನು ಕೆಲವು ದಿನ ಪ್ರತ್ಯೇಕವಾಗಿ ಇಡಬೇಕು. ಇವೆರಡೂ ಕೈಗೆ ಸಿಗದವರಿಗೆ ಉಳಿಯುವುದು ಮೆಥಿಮಜೋಲ್ ಮಾತ್ರೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಬದುಕಿರುವವರೆಗೆ. ನಮ್ಮ ಪಾಲಿಗೆ ಬಂದದ್ದು ಅದು.

ಹೀಗೆ ದಿನಾ ಕೊಡಬೇಕಾದಾಗ ಲೆಕ್ಕವೇ ಬೇರೆ. ಐದು ದಿನದ ಕೋರ್ಸ್ ಆದರೆ ಹೇಗೋ ಗುದ್ದಾಡಿ ಮುಗಿಸಬಹುದು. ಮುಗಿಯುವುದೇ ಇಲ್ಲ ಅನ್ನುವಾಗ, ಮಾತ್ರೆ ಹೊಟ್ಟೆಗೆ ಹೋಯಿತೇ ಅನ್ನುವ ಪ್ರಶ್ನೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ: ಮಾತ್ರೆಯ ಆ ಅರ್ಧ ನಿಮಿಷ ಉಳಿದ ದಿನವನ್ನು ಎಷ್ಟು ಕೆಡಿಸಿತು? ನಾನು ಈಗ ಎಲ್ಲ ಉಪಾಯವನ್ನೂ ಅಳೆಯುವುದು ಈ ಎರಡನೇ ಪ್ರಶ್ನೆಯಿಂದ. ಹಾಗೆ ಅಳೆದಾಗ ನನಗೆ ಅನಿಸಿದ್ದು, ಬೆಕ್ಕಿನ ಪಾಲಿಗೆ ಗುಟ್ಟಿನ ಮೋಸಕ್ಕಿಂತ ಬಹಿರಂಗದ, ಚುಟುಕಾದ ಬಲವಂತ ಎಷ್ಟೋ ವಾಸಿ. ಬೆಕ್ಕು ಸಾಕಿದ ಗೆಳೆಯರಲ್ಲಿ ಅರ್ಧ ಜನ ಇದನ್ನು ಒಪ್ಪುವುದಿಲ್ಲ. ಇರಲಿ.

ಮೊದಲು ಬೆಕ್ಕಿನ ಪರವಾಗಿ ಒಂದು ಮಾತು. ಮಾತ್ರೆ ಬೇಡ ಅನ್ನುವುದನ್ನು ನಾವು ಹಠ, ಸೊಕ್ಕು, ಕೊಬ್ಬು ಅಂತ ಬೈಯುತ್ತೇವೆ. ಅದರ ನಾಲಿಗೆಯ ಕಥೆ ಕೇಳಿದರೆ ಹಾಗೆ ಬೈಯಲು ಮನಸ್ಸು ಬರುವುದಿಲ್ಲ. ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿಯನ್ನು ಗುರುತಿಸಲು ಎರಡು ಜೀನ್ ಕೂಡಿ ಕೆಲಸ ಮಾಡಬೇಕು. ಬೆಕ್ಕಿನಲ್ಲಿ ಅದರಲ್ಲೊಂದು ಕೆಟ್ಟು ಕೂತಿದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹುಲಿ, ಚೀತಾಗಳಲ್ಲೂ ಅದೇ ಕಥೆ. ಹಾಗಾಗಿ ಮಕ್ಕಳಿಗೆಂದು ಸಕ್ಕರೆ ಸುರಿದು, ಹಣ್ಣಿನ ಪರಿಮಳ ಬೆರೆಸಿ ಮಾಡಿದ ಗುಲಾಬಿ ಬಣ್ಣದ ಸಿರಪ್ ಬೆಕ್ಕಿನ ಬಾಯಲ್ಲಿ ಬರೀ ಔಷಧಿ. ಸಕ್ಕರೆಯ ಮುಸುಕು ಅಲ್ಲಿಲ್ಲ. ಆದರೆ ಕಹಿಯ ಅರಿವು ಚೆನ್ನಾಗಿಯೇ ಉಳಿದಿದೆ. ಔಷಧಿಗಳಲ್ಲಿ ಹೆಚ್ಚಿನವು ಕಹಿ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಮಾತ್ರೆಯ ಪುಡಿ ಒಂದು ಚೂರು ನಾಲಿಗೆಗೆ ತಾಗಿಸಿಕೊಂಡವರಿಗೆ ಬೆಕ್ಕಿನ ಮೇಲೆ ತಾನಾಗಿ ಗೌರವ ಹುಟ್ಟುತ್ತದೆ.

ಇನ್ನೊಂದು ಜೀನ್ ಕಥೆ ಇದಕ್ಕಿಂತ ಗಂಭೀರ. ಹಲವು ಔಷಧಿಗಳನ್ನು ನಮ್ಮ ಲಿವರ್ ಒಂದು ಬಗೆಯ ಸಕ್ಕರೆಯ ಅಂಶಕ್ಕೆ ಜೋಡಿಸಿ ಹೊರಗೆ ಕಳಿಸುತ್ತದೆ. ಆ ಕೆಲಸ ಮಾಡುವ ಕಿಣ್ವಗಳಲ್ಲಿ ಒಂದು ಮುಖ್ಯವಾದದ್ದು ಬೆಕ್ಕಿನಲ್ಲಿ ಕೆಲಸಕ್ಕೆ ಬಾರದ ಹಾಗೆ ಆಗಿದೆ. ಮಾಂಸವನ್ನೇ ತಿಂದು ಬಂದ ಪ್ರಾಣಿಗೆ ಗಿಡಮೂಲದ ವಿಷಗಳನ್ನು ಕಳೆಯುವ ಆ ಸಾಮಾನು ಬೇಕಾಗಲಿಲ್ಲ, ಕ್ರಮೇಣ ಕಳೆದುಹೋಯಿತು ಅನ್ನುವುದು ವಿಜ್ಞಾನಿಗಳ ವಿವರಣೆ. ಪರಿಣಾಮ? ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದು ಇಲ್ಲವೇ ನೀಲಿಗೆ ತಿರುಗುತ್ತದೆ, ಮುಖ ಮತ್ತು ಪಂಜ ಊದಿಕೊಳ್ಳುತ್ತವೆ. ಬೆಕ್ಕಿನ ಮೈ ಬಿಸಿ ಅನಿಸಿತು ಅಂತ ಅರ್ಧ ಮಾತ್ರೆ ಕೊಡಲು ಹೊರಡುವವರು ಈಗಲೂ ಇದ್ದಾರೆ. ದಯವಿಟ್ಟು ಕೊಡಬೇಡಿ. ಬೆಕ್ಕಿನ ಮೈ ಸಹಜವಾಗಿಯೇ ನಮಗಿಂತ ಬಿಸಿ, 38ರಿಂದ 39 ಡಿಗ್ರಿ ಸೆಲ್ಸಿಯಸ್‌ನಷ್ಟು. ಐಬುಪ್ರೊಫೆನ್ ಕೂಡ ಬೇಡ. ನಾಯಿಗೆಂದು ಮಾಡಿದ, ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನು ಬೆಕ್ಕಿನ ಮೈಗೆ ಹಚ್ಚುವುದು ಬೇಡವೇ ಬೇಡ.

ಅಂದರೆ, ಗೊತ್ತಿಲ್ಲದ ಕಹಿಯನ್ನು ಉಗಿಯುವ ಬೆಕ್ಕು ಅದರ ಮಟ್ಟಿಗೆ ಸರಿಯಾದ ಕೆಲಸವನ್ನೇ ಮಾಡುತ್ತಿದೆ. ಕೈಯಲ್ಲಿ ಮಾತ್ರೆ ಹಿಡಿದು ಬಂದವರು ಅದರ ಒಳ್ಳೆಯದಕ್ಕೇ ಬಂದಿದ್ದಾರೆ ಅನ್ನುವ ಮಾಹಿತಿ ಅದಕ್ಕಿಲ್ಲ, ಅಷ್ಟೆ. ಆ ಮಾಹಿತಿಯನ್ನು ದಾಟಿಸುವ ದಾರಿಯೂ ನಮಗಿಲ್ಲ.

ಹಾಗಾಗಿ ಎಲ್ಲರೂ ಮೊದಲು ಹಿಡಿಯುವ ದಾರಿ ಊಟದಲ್ಲಿ ಬೆರೆಸುವುದು. ಮಾತ್ರೆ ಪುಡಿ ಮಾಡಿ ಮೀನಿಗೋ ಕೋಳಿಗೋ ಕಲಸಿ ಇಡುವುದು, ಆಮೇಲೆ ಬೇರೆ ಏನೋ ಕೆಲಸ ಇದ್ದ ಹಾಗೆ ಅಡುಗೆಮನೆಯಲ್ಲಿ ಸುಳಿದಾಡುವುದು. ಗಾದೆಯಲ್ಲಿ ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು. ಇಲ್ಲಿ ಕಣ್ಣು ಮುಚ್ಚಿಕೊಂಡವರು ನಾವು. ಚುಕ್ಕಿಯ ಮುಂದೆ ಅಂಥ ಬಟ್ಟಲು ಬಂದರೆ ಮೊದಲು ಮೂಗು ಹತ್ತಿರ ತರುತ್ತಾಳೆ. ಬಾಯಿ ಹಾಕುವುದಿಲ್ಲ. ಮೀಸೆ ಹಿಂದಕ್ಕೆ ಸರಿಯುತ್ತದೆ. ನಿಧಾನವಾಗಿ ಒಂದು ಹೆಜ್ಜೆ ಹಿಂದೆ ಬರುತ್ತಾಳೆ. ಆಮೇಲೆ ಮುಂಗಾಲಿನಿಂದ ಬಟ್ಟಲಿನ ಸುತ್ತ ನೆಲವನ್ನು ಕೆರೆಯುತ್ತಾಳೆ. ನುಣ್ಣನೆಯ ನೆಲ, ಮಣ್ಣೂ ಇಲ್ಲ ಏನೂ ಇಲ್ಲ. ಆದರೂ ಮಲ ಮುಚ್ಚುವಾಗ ಮಾಡುವ ಅದೇ ಚಲನೆ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ನಮ್ಮ ಅಡುಗೆಯ ಬಗ್ಗೆ ಇಷ್ಟು ಸ್ಪಷ್ಟವಾದ ವಿಮರ್ಶೆ ಬೇರೆ ಯಾರೂ ಕೊಟ್ಟಿಲ್ಲ.

ಇದು ಬರೀ ತಮಾಷೆಯಾಗಿದ್ದರೆ ಪರವಾಗಿರಲಿಲ್ಲ. ಬೆಕ್ಕುಗಳ ನೆನಪು ಈ ವಿಷಯದಲ್ಲಿ ಬಹಳ ಗಟ್ಟಿ. ಒಂದು ಊಟ ಕಹಿಯಾಯಿತು, ಅಥವಾ ತಿಂದ ಮೇಲೆ ಹೊಟ್ಟೆ ತೊಳಸಿತು ಅಂದರೆ, ಆ ಊಟದ ಮೇಲೇ ಅನುಮಾನ ಕೂತುಬಿಡುತ್ತದೆ. ಔಷಧಿ ಇಲ್ಲದ ದಿನವೂ ಅದನ್ನು ಮುಟ್ಟುವುದಿಲ್ಲ. ಕಾಯಿಲೆ ಬಿದ್ದ ಬೆಕ್ಕು ಊಟ ಬಿಡುವುದು ಸಣ್ಣ ವಿಷಯ ಅಲ್ಲ. ಅದರಲ್ಲೂ ದಪ್ಪಗಿರುವ ಬೆಕ್ಕು ಕೆಲವೇ ದಿನ ಊಟ ಬಿಟ್ಟರೆ, ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ತುಂಬಿ, ಅದೇ ದೊಡ್ಡ ಕಾಯಿಲೆಯಾಗುತ್ತದೆ. ಅಂದರೆ ಔಷಧಿ ಕೊಡಲು ಹೋಗಿ, ಔಷಧಿಗಿಂತ ಮುಖ್ಯವಾದ ಊಟವನ್ನೇ ಕಳೆದುಕೊಂಡ ಹಾಗೆ. ಪೂರ್ತಿ ತಿನ್ನದೆ ಅರ್ಧ ಬಿಟ್ಟರೆ ಎಷ್ಟು ಔಷಧಿ ಒಳಗೆ ಹೋಯಿತು ಅನ್ನುವುದೂ ತಿಳಿಯುವುದಿಲ್ಲ. ಜೊತೆಗೆ ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. ಹೊರಗಿನ ಲೇಪನ ಕಹಿ ಮುಚ್ಚಲೋ, ಹೊಟ್ಟೆಯಲ್ಲಿ ನಿಧಾನ ಕರಗಲೋ ಇರುತ್ತದೆ. ಮೆಥಿಮಜೋಲ್ ಪುಡಿ ಕೈಗೆ ತಾಗುವುದು ನಮಗೂ ಒಳ್ಳೆಯದಲ್ಲ, ಗರ್ಭಿಣಿಯರಂತೂ ಅದನ್ನು ಬರಿಗೈಯಲ್ಲಿ ಮುಟ್ಟಬಾರದು.

ತಿನಿಸಿನ ಉಪಾಯವನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ನಡೆಯುವವರಿಗೆ ಚೆನ್ನಾಗಿ ನಡೆಯುತ್ತದೆ. ಆದರೆ ಅದನ್ನು ಊಟದ ಬಟ್ಟಲಿನಿಂದ ದೂರ ಇಡಬೇಕು. ಬೇರೆ ಜಾಗ, ಬೇರೆ ಹೊತ್ತು, ಹಸಿವಾಗಿರುವಾಗ. ಮೆತ್ತಗಿನ ತಿನಿಸಿನ ಮೂರು ಸಣ್ಣ ಉಂಡೆ ಮಾಡಿ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಮೂಗಿನ ಹತ್ತಿರವೇ ಕಾಯುತ್ತಿರಬೇಕು. ಮೂರನೆಯದರ ಆಸೆಗೆ ಎರಡನೆಯದು ಅಗಿಯದೆ ಒಳಗೆ ಹೋಗುತ್ತದೆ. ಮಾತ್ರೆ ಮುಟ್ಟಿದ ಬೆರಳಲ್ಲೇ ಉಂಡೆ ಕಟ್ಟಿದರೆ ಹೊರಗೇ ಕಹಿ ಅಂಟುತ್ತದೆ, ಒಂದು ಕೈ ಔಷಧಿಗೆ, ಇನ್ನೊಂದು ಉಂಡೆಗೆ. ಖಾಲಿ ಜೆಲಾಟಿನ್ ಕ್ಯಾಪ್ಸೂಲ್ ಸಿಕ್ಕರೆ ಇನ್ನೂ ಅನುಕೂಲ. ಎರಡು ಮೂರು ಕಹಿ ಚೂರುಗಳನ್ನು ಒಂದರೊಳಗೆ ತುಂಬಬಹುದು. ಕ್ಯಾಪ್ಸೂಲ್‌ಗಳ ಲೆಕ್ಕ ತಿರುಗಾಮುರುಗಾ, ನಂಬರ್ ದೊಡ್ಡದಾದಷ್ಟೂ ಗಾತ್ರ ಚಿಕ್ಕದು. ಬೆಕ್ಕಿಗೆ 3 ಅಥವಾ 4 ಸಾಕು.

ಇದು ಚುಕ್ಕಿಯ ಹತ್ತಿರ ನಡೆಯುವುದಿಲ್ಲ. ಅವಳು ಉಂಡೆಯ ಸುತ್ತಲಿನದೆಲ್ಲ ನೆಕ್ಕಿ, ಮಾತ್ರೆಯನ್ನು ತೊಳೆದಿಟ್ಟ ಹಾಗೆ ಉಳಿಸುತ್ತಾಳೆ.

ಉಳಿದದ್ದು ಬಾಯಿ ತೆರೆದು ಹಾಕುವುದು. ಇದನ್ನು ಕ್ರೂರ ಅನ್ನುವವರಿದ್ದಾರೆ. ನಾನು ನೋಡಿದ ಮಟ್ಟಿಗೆ ಇದರಲ್ಲಿ ಕ್ರೂರವಾದದ್ದು ಬಾಯಿ ತೆರೆಯುವುದಲ್ಲ, ಅದಕ್ಕೆ ಮುಂಚಿನ ಬೇಟೆ. ಮಾತ್ರೆಯ ಹಾಳೆ ಚರ್ ಅಂದ ತಕ್ಷಣ ಬೆಕ್ಕು ಮಂಚದ ಕೆಳಗೆ. ನಾವು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿ, ಪೊರಕೆ ಆಡಿಸಿ, ಬೈದು, ಮುದ್ದು ಮಾಡಿ, ಕೊನೆಗೆ ಕಾಲು ಹಿಡಿದು ಎಳೆದು ತರುವ ಹೊತ್ತಿಗೆ ಅದರ ಎದೆ ಡವಡವ. ಅಲ್ಲಿಂದ ಮುಂದೆ ಏನು ಮಾಡಿದರೂ ಅದಕ್ಕೆ ಪ್ರಾಣ ಉಳಿಸಿಕೊಳ್ಳುವ ಹೋರಾಟವೇ. ಆದ್ದರಿಂದ ತಯಾರಿ ಎಲ್ಲ ಬೆಕ್ಕಿಗೆ ಕಾಣದ ಹಾಗೆ, ಕೇಳದ ಹಾಗೆ ಮೊದಲೇ ಆಗಬೇಕು. ಮಾತ್ರೆ ಹಾಳೆಯಿಂದ ತೆಗೆದು ಚಿಕ್ಕ ಡಬ್ಬಿಯಲ್ಲಿ ಇಟ್ಟಿರಬೇಕು, ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿರಬೇಕು, ಬಾಗಿಲು ಹಾಕಿರಬೇಕು. ಬೆಕ್ಕು ಮಲಗುವ ಜಾಗದಿಂದ ಎಬ್ಬಿಸಿ ತರುವುದು ಬೇಡ. ಊಟದ ಬಟ್ಟಲಿನ ಹತ್ತಿರ ಬೇಡ, ಮಲ ಮಾಡುವ ತಟ್ಟೆಯ ಹತ್ತಿರವಂತೂ ಬೇಡ. ಹೆಸರು ಕರೆದು ಹಿಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಚುಕ್ಕಿ ಅಂತ ಕರೆದರೆ ಒಳ್ಳೆಯದೇ ಆಗುತ್ತದೆ ಅನ್ನುವ ನಂಬಿಕೆ ಅವಳಿಗೆ ಕೊನೆಯವರೆಗೂ ಇರಲಿ.

ನಮ್ಮಲ್ಲಿ ಒಂದು ಎತ್ತರದ ಮೇಜು, ಅದರ ಮೇಲೆ ಒಂದು ಹಳೆಯ ಟವಲ್. ಜಾಗ ಯಾವಾಗಲೂ ಅದೇ, ಹೊತ್ತೂ ಅದೇ. ಅವಳಿಗೆ ಮೇಜು ಇಷ್ಟ ಇಲ್ಲ. ಆದರೆ ಮೇಜಿನ ಮೇಲೆ ಏನಾಗುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಗೊತ್ತಿದೆ. ಮನೆಯ ಉಳಿದ ಜಾಗದಲ್ಲಿ ಅದು ಆಗುವುದಿಲ್ಲ ಅನ್ನುವುದೂ ಗೊತ್ತಿದೆ. ಈ ಎರಡನೆಯ ತಿಳಿವಳಿಕೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಟವಲಿನಲ್ಲಿ ಎಳೆಗೂಸನ್ನು ಸುತ್ತಿದ ಹಾಗೆ ಸುತ್ತಬೇಕು. ಮುಂಗಾಲು ಎರಡೂ ಒಳಗೆ, ತಲೆ ಹೊರಗೆ, ಕತ್ತಿನ ಹತ್ತಿರ ಬಿಗಿ ಇರಲಿ ಆದರೆ ಉಸಿರಿಗೆ ತೊಂದರೆ ಬೇಡ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತುವುದನ್ನು ಹಿಂದೆ ಎಲ್ಲರೂ ಮಾಡುತ್ತಿದ್ದರು, ಈಗ ಬೆಕ್ಕಿನ ಡಾಕ್ಟರುಗಳು ಬೇಡ ಅನ್ನುತ್ತಾರೆ. ಮರಿಯನ್ನು ತಾಯಿ ಹಾಗೆ ಒಯ್ಯುತ್ತದೆ ನಿಜ. ದೊಡ್ಡ ಬೆಕ್ಕಿಗೆ ಅದು ಭಯ, ಮತ್ತು ನೋವು. ಎದುರಿಗೆ ನಿಲ್ಲುವುದೂ ಬೇಡ. ಬೆಕ್ಕಿನ ಹಿಂದೆ ಅಥವಾ ಪಕ್ಕದಲ್ಲಿ ನಿಲ್ಲಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ. ಅದು ಹಿಂದಕ್ಕೇ ಸರಿಯಲು ನೋಡುತ್ತದೆ, ಹಿಂದೆ ನೀವೇ ಇರುತ್ತೀರಿ.

ಒಂದು ಕೈ ತಲೆಯ ಮೇಲಿನಿಂದ ಬರಲಿ. ಹೆಬ್ಬೆರಳು ಒಂದು ಕೆನ್ನೆಯ ಮೂಳೆಯ ಮೇಲೆ, ಉಳಿದ ಬೆರಳು ಇನ್ನೊಂದು ಕೆನ್ನೆಯ ಮೂಳೆಯ ಮೇಲೆ. ಮೀಸೆ ಬಗ್ಗಬಾರದು. ಮೂಗು ಮೇಲಕ್ಕೆ ಹೋಗುವ ಹಾಗೆ ತಲೆ ವಾಲಿಸಿದರೆ ಕೆಳದವಡೆ ತಾನೇ ಸ್ವಲ್ಪ ಸಡಿಲವಾಗುತ್ತದೆ. ಇನ್ನೊಂದು ಕೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮಾತ್ರೆ. ಅದೇ ಕೈಯ ನಡುಬೆರಳಿನಿಂದ ಕೆಳದವಡೆಯ ಮುಂದಿನ ಪುಟ್ಟ ಹಲ್ಲುಗಳನ್ನು ಒತ್ತಿ. ಎರಡು ಕೋರೆಹಲ್ಲುಗಳ ನಡುವೆ ಆರು ಪುಟ್ಟ ಹಲ್ಲು ಸಾಲಾಗಿ ಇರುತ್ತವೆ, ಅಕ್ಕಪಕ್ಕದ ಕೋರೆಯ ಮುಂದೆ ಅವು ಏನೂ ಅಲ್ಲ. ಬಾಯಿ ತೆರೆದಾಗ ನಾಲಿಗೆಯ ಹಿಂಭಾಗದಲ್ಲಿ ಒಂದು ಉಬ್ಬು ಕಾಣುತ್ತದೆ. ಮಾತ್ರೆ ಅದರಾಚೆಗೆ, ನಡುಮಧ್ಯ ಬೀಳಬೇಕು. ಸ್ವಲ್ಪ ಪಕ್ಕಕ್ಕೆ ಬಿದ್ದರೆ ಅದು ಹಲ್ಲಿನ ಕೆಳಗೆ ಬಂದು ಪುಡಿಯಾಗುತ್ತದೆ. ಸ್ವಲ್ಪ ಮುಂದೆ ಬಿದ್ದರೆ ನಾಲಿಗೆ ತಳ್ಳಿಬಿಡುತ್ತದೆ. ಬಾಯಿ ಮುಚ್ಚಿಸಿ, ಕತ್ತಿನ ಮುಂಭಾಗ ಮೆಲ್ಲಗೆ ಸವರಿ. ನಾಲಿಗೆ ಹೊರಗೆ ಬಂದು ಮೂಗು ನೆಕ್ಕಿಕೊಂಡರೆ ನುಂಗಿದೆ ಅಂತ ಅರ್ಥ. ಆ ಪುಟ್ಟ ಗುಲಾಬಿ ನಾಲಿಗೆ ಕಾಣುವವರೆಗೂ ನಾವೂ ಉಸಿರು ಬಿಟ್ಟಿರುವುದಿಲ್ಲ.

ಓದಲು ಉದ್ದ ಅನಿಸುತ್ತದೆ. ಗಡಿಯಾರದಲ್ಲಿ ಇಷ್ಟೂ ಕೆಲವು ಸೆಕೆಂಡಿನ ಕೆಲಸ. ಕೆಲಸ ಕೆಡುವುದು ಕೈ ಅನುಮಾನಿಸಿದಾಗ. ಬಾಯಿ ಅರ್ಧ ತೆರೆದು, ಅಯ್ಯೋ ನೋವಾಯಿತೇನೋ ಅಂತ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು... ಪ್ರತಿ ಸಲ ಬೆಕ್ಕು ಒಂದು ಪಾಠ ಕಲಿಯುತ್ತದೆ: ಒದ್ದಾಡಿದರೆ ಬಿಡುತ್ತಾರೆ. ಮನೆಯಲ್ಲಿ ಬೆಕ್ಕೆಂದರೆ ಪ್ರಾಣ ಬಿಡುವವರು ಈ ಕೆಲಸಕ್ಕೆ ಆಗಿಬರುವುದಿಲ್ಲ. ನಾವು ಊರಿಗೆ ಹೋದಾಗ ಚುಕ್ಕಿಗೆ ಮಾತ್ರೆ ಹಾಕಲು ಬರುವ ಪಕ್ಕದ ಮನೆಯವರಿಗೆ ಬೆಕ್ಕು ಕಂಡರೆ ಅಷ್ಟಕ್ಕಷ್ಟೆ. ಬರುತ್ತಾರೆ, ಎತ್ತಿ ಮೇಜಿನ ಮೇಲೆ ಕೂರಿಸುತ್ತಾರೆ, ಹಾಕುತ್ತಾರೆ, ಹೋಗುತ್ತಾರೆ. ಮುದ್ದಿನ ಒಂದು ಮಾತಿಲ್ಲ. ಅವರ ಕೈಯಲ್ಲಿ ಅವಳು ಮಿಸುಕಾಡುವುದೂ ಇಲ್ಲ. ಇದನ್ನು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ನುಂಗಿದ ಮೇಲೆ ನೀರು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ನಿಮಿಷಗಟ್ಟಲೆ ಅಂಟಿಕೊಂಡು ಕೂರಬಹುದು. ಎಲ್ಲ ಮಾತ್ರೆಯೂ ಅಪಾಯ ಮಾಡುವುದಿಲ್ಲ. ಆದರೆ ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಅಲ್ಲೇ ಕರಗಿದರೆ ಒಳಗೋಡೆ ಸುಟ್ಟು ಹುಣ್ಣಾಗುತ್ತದೆ, ಹುಣ್ಣು ಮಾಗುವಾಗ ನಾಳವೇ ಕಿರಿದಾಗಬಹುದು. ಆಮೇಲೆ ಆ ಬೆಕ್ಕಿಗೆ ಊಟ ಇಳಿಯುವುದೇ ಕಷ್ಟ. ಸಿರಿಂಜಿನಲ್ಲಿ 5-6 ಮಿಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ, ಇಲ್ಲವೇ ಕೂಡಲೇ ಏನಾದರೂ ತಿನ್ನಿಸಿದರೆ ಮಾತ್ರೆ ಹೊಟ್ಟೆಗೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಜೊತೆ ಹಾಲು ಮಾತ್ರ ಬೇಡ, ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ದ್ರವದ ಔಷಧಿಯಾದರೆ ಸಿರಿಂಜನ್ನು ಕೋರೆಹಲ್ಲಿನ ಹಿಂದಿನ ಖಾಲಿ ಜಾಗದಿಂದ ಕೆನ್ನೆಯೊಳಗೆ ತೂರಿಸಬೇಕು. ಇಲ್ಲಿ ತಲೆ ಮೇಲೆತ್ತಬಾರದು, ನೇರ ಗಂಟಲಿಗೆ ಚಿಮ್ಮಿಸಬಾರದು, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ತೊಟ್ಟು ತೊಟ್ಟಾಗಿ ಬಿಡಬೇಕು, ನುಂಗಲು ಬಿಡುವು ಕೊಡಬೇಕು. ಕಹಿಯಾದರೆ ಬಾಯಿಂದ ನೊರೆ ಬರುತ್ತದೆ. ಮೊದಲ ಸಲ ನೋಡಿದವರು ವಿಷವೇ ಏರಿತು ಅಂತ ಹೆದರುತ್ತಾರೆ. ಗಲ್ಲದಿಂದ ದಾರದ ಹಾಗೆ ಜೊಲ್ಲು ಇಳಿದು, ತಲೆ ಕೊಡವಿದಾಗ ಗೋಡೆಗೆ, ನಮ್ಮ ಕನ್ನಡಕಕ್ಕೆ ಎಲ್ಲ ಹಾರುತ್ತದೆ. ಹೆಚ್ಚಿನ ಸಲ ಅದು ಕಹಿಯನ್ನು ತೊಳೆದು ಹಾಕುವ ಜೊಲ್ಲು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆ ನೊರೆಯಲ್ಲಿ ಔಷಧಿ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿ ಇನ್ನೊಂದು ಡೋಸ್ ಹಾಕಲು ಹೋಗಬೇಡಿ. ತಪ್ಪಿದ ಡೋಸ್ ತಪ್ಪಿತು, ಡಾಕ್ಟರನ್ನು ಕೇಳದೆ ಎರಡು ಸೇರಿಸಿ ಕೊಡುವಂತಿಲ್ಲ.

ಬೆಕ್ಕು ಕಚ್ಚಿದರೆ ಮಾತ್ರ ಉಡಾಫೆ ಬೇಡ. ಅದರ ಕೋರೆಹಲ್ಲು ಸೂಜಿಯಷ್ಟು ತೆಳು, ಮೇಲೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಆಳಕ್ಕೆ ಬ್ಯಾಕ್ಟೀರಿಯಾ ಇಳಿದಿರುತ್ತದೆ. ಕೈಬೆರಳ ಗಂಟಿನ ಹತ್ತಿರ ಕಚ್ಚಿದ್ದರೆ ಒಂದೇ ದಿನದಲ್ಲಿ ಊದಿಕೊಳ್ಳಬಹುದು. ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ರೇಬೀಸ್ ಚುಚ್ಚುಮದ್ದಿನ ವಿಷಯವನ್ನೂ ಅವರೇ ಹೇಳುತ್ತಾರೆ.

ಇನ್ನು ನಾನು ಹೇಳಿದ ಎರಡನೇ ಪ್ರಶ್ನೆ. ಮೇಜಿನಿಂದ ಇಳಿಸಿದ ಮೇಲೆ ಚುಕ್ಕಿ ಬಾಲ ಎತ್ತಿಕೊಂಡು ದೂರ ಹೋಗಿ, ನಮಗೆ ಬೆನ್ನು ಹಾಕಿ ಕೂತು, ಟವಲ್ ತಾಗಿದ ಜಾಗವನ್ನೆಲ್ಲ ನೆಕ್ಕಿ ಸರಿಮಾಡಿಕೊಳ್ಳುತ್ತಾಳೆ. ಆಮೇಲೆ ಏನೂ ಆಗದ ಹಾಗೆ ಬಂದು ತೊಡೆಯ ಮೇಲೆ ಮಲಗುತ್ತಾಳೆ. ಮಾತ್ರೆ ಹಾಕಿದ ಅದೇ ಕೈ ನೆಕ್ಕುತ್ತಾಳೆ. ಊಟದಲ್ಲಿ ಕಹಿ ಸಿಕ್ಕರೆ ಆಗುವುದು ಹೀಗಲ್ಲ. ಅನುಮಾನ ಬಟ್ಟಲಿನ ಮೇಲೆ, ಬಟ್ಟಲು ತಂದ ಕೈಯ ಮೇಲೆ, ಅಡುಗೆಮನೆಯ ಮೇಲೆ, ಎಲ್ಲದರ ಮೇಲೂ ಹರಡುತ್ತದೆ. ಎಲ್ಲಿಂದ ಬಂತು ಅಂತ ಗೊತ್ತಾಗದ ಕೆಟ್ಟದ್ದು ಎಲ್ಲೆಲ್ಲೂ ಇರಬಹುದು, ಅಲ್ವಾ? ಮೇಜಿನ ಮೇಲಿನ ಕೆಟ್ಟದ್ದು ಮೇಜಿನ ಮೇಲೇ ಇರುತ್ತದೆ. ಮೋಸ ಮಾಡಿದವರನ್ನು ನಾವು ಮನುಷ್ಯರು ಕ್ಷಮಿಸುತ್ತೇವೋ ಏನೋ. ಬೆಕ್ಕಿಗೆ ಕ್ಷಮಿಸಲು ಮೋಸದ ಅರ್ಥವೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯಾವ ಜಾಗ ನಂಬಬಹುದು, ಯಾವುದು ನಂಬಬಾರದು ಅನ್ನುವುದಷ್ಟೆ.

ಎಲ್ಲ ಬೆಕ್ಕೂ ಹೀಗಿರುವುದಿಲ್ಲ. ಕೆಲವಕ್ಕೆ ಹಿಡಿಯುವುದೇ ದೊಡ್ಡ ಭಯ, ದಿನಾ ಹಿಡಿದರೆ ಮನೆಯೊಳಗೇ ಅಡಗಿ ಬದುಕಲು ಶುರುಮಾಡುತ್ತವೆ. ಅಂಥ ಬೆಕ್ಕಿನ ಮನೆಯವರಿಗೆ ನಾನು ಹೇಳುವುದು ಒಂದೇ. "ಕೊಡೋಕಾಗ್ತಿಲ್ಲ" ಅಂತ ಡಾಕ್ಟರಿಗೆ ನಾಚಿಕೆಯಿಲ್ಲದೆ ಹೇಳಿ. ಸುಮ್ನೆ ತಲೆಯಾಡಿಸಿ ಬಂದು ಮಾತ್ರೆ ಡಬ್ಬಿಯಲ್ಲೇ ಉಳಿಸಿದರೆ ಯಾರಿಗೂ ಲಾಭ ಇಲ್ಲ. ಒಂದೇ ಔಷಧಿ ಬೇರೆ ಬೇರೆ ರೂಪದಲ್ಲಿ ಸಿಗಬಹುದು. ಜಂತುಹುಳದ ಔಷಧಿಯನ್ನು ನಾಲಿಗೆ ಎಟುಕದ ಹಾಗೆ ಕತ್ತಿನ ಹಿಂಭಾಗದ ಚರ್ಮಕ್ಕೆ ಹಚ್ಚುವ ಬಗೆ ಇದೆ. ಒಮ್ಮೆ ಚುಚ್ಚಿದರೆ ಸುಮಾರು 14 ದಿನ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಇದೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನಾ ಎರಡು ಸಲ ಇನ್ಸುಲಿನ್ ಚುಚ್ಚಬೇಕು ಅಂದಾಗ ಮನೆಯವರು ಕುಸಿದು ಕೂರುತ್ತಾರೆ. ಸೂಜಿ ಎಷ್ಟು ಸಣ್ಣದೆಂದರೆ ಹಲವು ಬೆಕ್ಕುಗಳು ಊಟದಿಂದ ತಲೆಯನ್ನೂ ಎತ್ತುವುದಿಲ್ಲ. ಮಾತ್ರೆಗಿಂತ ಸೂಜಿ ಸುಲಭ ಅಂತ ಮೊದಲೇ ಹೇಳಿದರೆ ಯಾರೂ ನಂಬುವುದಿಲ್ಲ.

ಮೆಥಿಮಜೋಲ್‌ಗೂ ಹೀಗೊಂದು ರೂಪ ಇದೆ, ಕಿವಿಯ ಒಳಮಗ್ಗುಲಿನ ಬೋಳು ಚರ್ಮಕ್ಕೆ ಹಚ್ಚುವ ಜೆಲ್. ಚುಕ್ಕಿಗೆ ಈಗ ಅದನ್ನೇ ಹಚ್ಚುತ್ತಿದ್ದೇವೆ. ಮಾತ್ರೆಯಷ್ಟು ಬೇಗ ಕೆಲಸ ಶುರುವಾಗುವುದಿಲ್ಲ. ಎಲ್ಲ ಬೆಕ್ಕಿನ ಮೈಯೂ ಅದನ್ನು ಒಂದೇ ರೀತಿ ಹೀರಿಕೊಳ್ಳುವುದಿಲ್ಲ, ಹಾಗಾಗಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಆದರೆ ವಾಂತಿ ಕಡಿಮೆ. ಕೈಗೆ ಗ್ಲೌಸ್ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಚರ್ಮದಿಂದ ನಮ್ಮೊಳಗೂ ಇಳಿಯುತ್ತದೆ. ಒಂದು ಸಲ ಎಡಕಿವಿ, ಮುಂದಿನ ಸಲ ಬಲಕಿವಿ. ಹಿಂದಿನದರ ಪೊರೆ ಉಳಿದಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಬೇಕು. ಅವಳು ಇದನ್ನು ಮುದ್ದಿನ ಪಟ್ಟಿಗೆ ಸೇರಿಸಿದ್ದಾಳೋ ಕಿರಿಕಿರಿಯ ಪಟ್ಟಿಗೋ ಇನ್ನೂ ತೀರ್ಮಾನ ಆದ ಹಾಗಿಲ್ಲ. ಕಣ್ಣು ಅರ್ಧ ಮುಚ್ಚಿ ಸಹಿಸುತ್ತಾಳೆ.

ಥೈರಾಯ್ಡ್ ಹತೋಟಿಗೆ ಬಂದಾಗ ಕಿಡ್ನಿ ಕಾಯಿಲೆ ಎದ್ದು ಕಂಡಿತು. ಇದೂ ಸಾಮಾನ್ಯವಂತೆ. ಥೈರಾಯ್ಡ್ ಜಾಸ್ತಿ ಇದ್ದಾಗ ಕಿಡ್ನಿಗೆ ರಕ್ತ ರಭಸದಿಂದ ನುಗ್ಗಿ ಅದರ ದೌರ್ಬಲ್ಯವನ್ನು ಮುಚ್ಚಿಟ್ಟಿರುತ್ತದೆ. ರಭಸ ಇಳಿದ ಮೇಲೆ ನಿಜ ತಿಳಿಯುತ್ತದೆ. ಚೀಟಿಗೆ ಹೊಸ ಹೆಸರುಗಳು ಸೇರಿದವು. ರಂಜಕ (ಫಾಸ್ಫರಸ್) ಹಿಡಿಯುವ ಪುಡಿ, ರಕ್ತದೊತ್ತಡದ ಮಾತ್ರೆ, ವಾಂತಿ ನಿಲ್ಲಿಸುವುದು, ಹಸಿವು ಹುಟ್ಟಿಸುವುದು, ಒಂದು ವಿಟಮಿನ್. ರಂಜಕದ ಪುಡಿ ನನ್ನ ಇಡೀ ಸಿದ್ಧಾಂತಕ್ಕೆ ಸಡ್ಡು ಹೊಡೆಯಿತು. ಅದನ್ನು ಊಟದಲ್ಲೇ ಬೆರೆಸಬೇಕು, ಯಾಕಂದರೆ ಊಟದಲ್ಲಿರುವ ರಂಜಕವನ್ನು ಅಲ್ಲೇ ಹಿಡಿಯುವುದು ಅದರ ಕೆಲಸ. ಪುಣ್ಯಕ್ಕೆ ನಮಗೆ ಸಿಕ್ಕಿದ್ದಕ್ಕೆ ರುಚಿ ಇಲ್ಲ. ಅವಳು ಒಮ್ಮೆ ಮೂಸಿ ತಿಂದುಬಿಟ್ಟಳು.

ಬೆಕ್ಕು ಸಾಕುವ ಗೆಳತಿಯೊಬ್ಬಳ ಮರಿಗೆ ವೈರಸ್ಸಿನಿಂದ ಬರುವ ಬೆಕ್ಕುಗಳ ಕಾಯಿಲೆ ಎಫ್‌ಐಪಿ ಬಂದಿತ್ತು. ಕೆಲವು ವರ್ಷದ ಹಿಂದೆ ಆ ಹೆಸರು ಕೇಳಿದರೆ ಬದುಕುವ ಆಸೆ ಬಿಡಬೇಕಿತ್ತು. 2019ರಲ್ಲಿ ಜಿಎಸ್-441524 ಅನ್ನುವ ಔಷಧಿಯಿಂದ ಬೆಕ್ಕುಗಳು ಗುಣವಾದ ವರದಿ ಪ್ರಕಟವಾದ ಮೇಲೆ ಕಥೆ ಬದಲಾಯಿತು. ವಾಡಿಕೆಯ ಕೋರ್ಸ್ 84 ದಿನ. ಮರಿ ಪರಚಲಿ, ಕಚ್ಚಲಿ, ಅಡಗಿ ಕೂರಲಿ, ಒಂದು ಡೋಸ್ ತಪ್ಪಿಸುವ ಮಾತೇ ಇಲ್ಲ. ಆ ಕಡೆ ಇಡೀ ಆಯಸ್ಸೇ ಕಾಯುತ್ತಿದೆ. 13 ವರ್ಷದ ಚುಕ್ಕಿಯ ಲೆಕ್ಕ ಅದಲ್ಲ. ಚೀಟಿಯಲ್ಲಿರುವ ಎಲ್ಲವನ್ನೂ ದಿನಾ ಅವಳೊಳಗೆ ತುರುಕಿದರೆ ಅವಳ ದಿನದಲ್ಲಿ ಮೇಜು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಹಾಗಾಗಿ ಡಾಕ್ಟರ ಮುಂದೆ ಚೀಟಿ ಇಟ್ಟು ಕೇಳಿದೆವು. "ಇದರಲ್ಲಿ ಬಾಯಿಗೆ ಹಾಕುವಂಥದ್ದು ಒಂದೇ ಒಂದು ಸಾಧ್ಯ ಅಂದರೆ ಯಾವುದು?" ಬೈಯಬಹುದು ಅಂದುಕೊಂಡಿದ್ದೆವು. ಬೈಯಲಿಲ್ಲ. ಪೆನ್ನು ತೆಗೆದು ವಿಟಮಿನ್ ಹೊಡೆದುಹಾಕಿದರು. ವಾಂತಿಯದು ವಾಂತಿಯಾದ ದಿನ ಮಾತ್ರ ಅಂದರು. ಹಸಿವಿನದಕ್ಕೆ ಕಿವಿಗೆ ಹಚ್ಚುವ ಮುಲಾಮು ಬರೆದರು. ರಕ್ತದೊತ್ತಡದ ಮಾತ್ರೆಯ ಸುತ್ತ ಎರಡು ಸಲ ಗೆರೆ ಎಳೆದರು. ಒತ್ತಡ ಏರಿದರೆ ಬೆಕ್ಕಿನ ಕಣ್ಣಿನ ಹಿಂದಿನ ಪರದೆ ಕಳಚಿ ರಾತ್ರೋರಾತ್ರಿ ಕುರುಡಾಗಬಹುದು, ಇದನ್ನು ಮಾತ್ರ ಬಿಡಬೇಡಿ ಅಂದರು.

ಅದು ಆ್ಯಮ್ಲೊಡಿಪಿನ್. ಅವಳಿಗೆ ಬರೆದದ್ದು 2.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ಬೆರಳ ತುದಿಯಲ್ಲಿ ಇಟ್ಟರೆ ಉಸಿರಿಗೇ ಹಾರಿಹೋಗುವಷ್ಟು. ಅದನ್ನು ಕ್ಯಾಪ್ಸೂಲಿಗೆ ಹಾಕಿ, ಮೇಜಿನ ಮೇಲೆ, ದಿನಕ್ಕೊಂದು ಸಲ. ಚುಕ್ಕಿಗೆ ಈಗಲೂ ಅದು ಬೇಡ. ಹೋದ ವಾರ ಸೋಫಾ ಸರಿಸಿದಾಗ ಏನೂ ಸಿಗಲಿಲ್ಲ, ಆದರೆ ಅವಳು ಉಗಿಯುವ ಜಾಗ ಬದಲಾಯಿಸಿರಲೂಬಹುದು. ಬೀರುವಿನ ಹಿಂದೆ ಇನ್ನೂ ನೋಡಿಲ್ಲ.